ವೈದ್ಯ ದಂಪತಿಯನ್ನು ಕೊಂದವರು ಯಾರು?

ಜಪಾನಿನ ಹಿರೋಮು ಅರಕಾವಾ 2001ರಲ್ಲಿ 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಎಂಬ ಚಿತ್ರಕಥಾ ಧಾರಾವಾಹಿ ಆರಂಭಿಸಿದರು. ಇಂಥ ಚಿತ್ರಕಥೆಗೆ ಅಲ್ಲಿ ಮಾಂಗಾ ಎನ್ನುತ್ತಾರೆ. ಅದು ಚಲಿಸುವ ಚಿತ್ರವಾದರೆ ಅನಿಮೆ. ಬೋನ್ಸ್ ಎಂಬ ಒಂದೇ ಸ್ಟುಡಿಯೊ ಇದನ್ನು ಎರಡು ಬಾರಿ ಕಿರುತೆರೆಗೆ ತಂದಿತು. 2003ರಲ್ಲಿ ಮೂಲಕಥೆ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಹಾಗಾಗಿ ನಿರ್ದೇಶಕ ಸೇಜಿ ಮಿಜುಶಿಮಾ 51 ಕಂತುಗಳಲ್ಲಿ ತಮ್ಮದೇ ದಾರಿ ಹಿಡಿದರು. 2009ರಲ್ಲಿ ಶುರುವಾದ 64 ಕಂತುಗಳು ಮೂಲವನ್ನೇ ಅನುಸರಿಸಿದವು. 2010ರಲ್ಲಿ ಮಾಂಗಾ ಮುಗಿದ ಬೆನ್ನಲ್ಲೇ ಅವೂ ಮುಗಿದವು.

ನಮ್ಮನ್ನು ತಡೆದು ನಿಲ್ಲಿಸುವುದು ಇಶ್ವಾಲದ ಪ್ರಸಂಗ. ಕಂದು ಮೈಬಣ್ಣದ, ಒಬ್ಬನೇ ದೇವರನ್ನು ನಂಬುವ ಜನಾಂಗವೊಂದನ್ನು ಸರಕಾರದ ಸೇನೆಯೇ ನಿರ್ನಾಮಕ್ಕೆ ಗುರಿಮಾಡುತ್ತದೆ. ಅಲ್ಲಿ ಆ ಜನರ ಗಾಯಾಳುಗಳಿಗೂ ಚಿಕಿತ್ಸೆ ನೀಡುತ್ತಿದ್ದ ವೈದ್ಯ ದಂಪತಿಯ ಕೊಲೆಯಾಗುತ್ತದೆ. ಕೊಂದವರು ಯಾರು? 2003ರ ಅನಿಮೆಯಲ್ಲಿ, ಮೇಲಿನವರ ಆಜ್ಞೆಯಂತೆ ಸೇನಾಧಿಕಾರಿ ಮಸ್ಟಾಂಗ್. 2009ರದರಲ್ಲಿ, ಮಾಂಗಾದಲ್ಲಿರುವಂತೆ, ಅವರೇ ಬದುಕಿಸಿದ ಇಶ್ವಾಲದ ಗಾಯಾಳು. ತನ್ನವರನ್ನು ಕಳೆದುಕೊಂಡು ಸ್ಥಿಮಿತ ತಪ್ಪಿದವನು.

ಹಳೆಯದೇ ಹೆಚ್ಚು ಪ್ರಾಮಾಣಿಕವೆಂದು ಮೊದಲು ನಮಗೆ ಅನಿಸಿತ್ತು. ಅಪರಾಧ ಪ್ರಭುತ್ವದ್ದು, ಗುಂಡೂ ಅದರದೇ. ಸಂತ್ರಸ್ತನ ಕೈಗೇಕೆ ರಕ್ತ ಹಚ್ಚಬೇಕು? ಆದರೆ ಎರಡನೆಯದರಲ್ಲಿ ಆ ದಂಪತಿಯ ಮಗಳು ಅದೇ ಕೊಲೆಗಾರನ ಗಾಯಕ್ಕೆ ಪಟ್ಟಿ ಕಟ್ಟುತ್ತಾಳೆ. ತನ್ನ ಅಪ್ಪ ಅಮ್ಮ ಇದ್ದಿದ್ದರೆ ಇದನ್ನೇ ಮಾಡುತ್ತಿದ್ದರು ಎನ್ನುತ್ತಾಳೆ. ಅವನನ್ನು ಕ್ಷಮಿಸಿಲ್ಲವೆಂದೂ ಹೇಳುತ್ತಾಳೆ. ಹಳೆಯ ಅನಿಮೆಯಲ್ಲಿ ಇಂಥ ದೃಶ್ಯಕ್ಕೆ ಜಾಗವೇ ಇಲ್ಲ. ಅಲ್ಲಿ ಈ ಇಶ್ವಾಲಿ ಸೇಡಿನಲ್ಲೇ ಸಾಯುತ್ತಾನೆ. ಇಲ್ಲಿ ಬದುಕುಳಿದು, ಹಾಳಾದ ತನ್ನ ನಾಡನ್ನು ಮತ್ತೆ ಕಟ್ಟಲು ಹೊರಡುತ್ತಾನೆ.