ಕಾನೂನು ಇಂಗ್ಲಿಷ್

ಕಾನೂನು ಇಂಗ್ಲಿಷ್ ಎಂಬುದು ಶಾಸನ, ತೀರ್ಪು, ಕರಾರು ಮತ್ತು ನ್ಯಾಯಾಲಯದ ಕಲಾಪಗಳಲ್ಲಿ ಬಳಕೆಯಾಗುವ ಇಂಗ್ಲಿಷ್ ಭಾಷೆಯ ವಿಶಿಷ್ಟ ರೂಪ. ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಕಾನೂನು ಓದಬಯಸುವವರು, ವಿಶೇಷವಾಗಿ ಅನ್ಯಭಾಷಾ ಮಾಧ್ಯಮದಲ್ಲಿ ಕಲಿತವರು, ಇದನ್ನು ಮುಂಚಿತವಾಗಿ ಅಭ್ಯಾಸ ಮಾಡುವುದುಂಟು.

ಇತಿಹಾಸ

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಅಲ್ಲಿನ ನ್ಯಾಯಾಲಯಗಳಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ನೆಲೆಗೊಂಡವು. 1362ರ ಶಾಸನವು ವಾದಗಳನ್ನು ಇಂಗ್ಲಿಷಿನಲ್ಲಿ ನಡೆಸಬೇಕೆಂದು ವಿಧಿಸಿದರೂ ದಾಖಲೆಗಳು ಲ್ಯಾಟಿನ್ನಿನಲ್ಲಿಯೇ ಉಳಿದವು. 1733ರಿಂದ ದಾಖಲೆಗಳಿಗೂ ಇಂಗ್ಲಿಷ್ ಕಡ್ಡಾಯವಾಯಿತು. 'ಹೇಬಿಯಸ್ ಕಾರ್ಪಸ್' ಎಂಬ ಲ್ಯಾಟಿನ್ ಪದಗುಚ್ಛವೂ 'ಪ್ಲೇಂಟಿಫ್' ಎಂಬ ಫ್ರೆಂಚ್ ಮೂಲದ ಪದವೂ ಈ ಪರಂಪರೆಯ ಉಳಿಕೆಗಳು.

ಲಕ್ಷಣಗಳು

ದಿನಬಳಕೆಯ ಪದಗಳಿಗೆ ಇಲ್ಲಿ ವಿಶೇಷ ಅರ್ಥವಿರುತ್ತದೆ. 'ಕನ್ಸಿಡರೇಷನ್' ಎಂದರೆ ಸಾಮಾನ್ಯವಾಗಿ ಪರಿಗಣನೆ. ಕರಾರಿನ ಕಾನೂನಿನಲ್ಲಿ ಪ್ರತಿಫಲ. ಒಂದೇ ಪದದ ವ್ಯಾಪ್ತಿ ದೇಶದಿಂದ ದೇಶಕ್ಕೆ ಬದಲಾಗುವುದೂ ಉಂಟು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ವಚನ ನೀಡಿದವನ ಅಪೇಕ್ಷೆಯಂತೆ ಹಿಂದೆ ಮಾಡಿದ ಕಾರ್ಯವೂ ಪ್ರತಿಫಲವಾಗುತ್ತದೆ. ಇಂಗ್ಲೆಂಡಿನಲ್ಲಿ ಗತಕಾಲದ ಪ್ರತಿಫಲವು ಸಾಮಾನ್ಯವಾಗಿ ಸಲ್ಲುವುದಿಲ್ಲ. ಭಾರತದಲ್ಲಿ 1961ರ ವಕೀಲರ ಕಾಯ್ದೆಯು ವಕೀಲರನ್ನು ಒಂದೇ ವರ್ಗವೆಂದು ಗುರುತಿಸಿದರೆ, ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಮತ್ತು ಬ್ಯಾರಿಸ್ಟರ್ ಬೇರೆ ಬೇರೆ ವೃತ್ತಿಗಳು.

ಕರ್ನಾಟಕದಲ್ಲಿ

ಸಂವಿಧಾನದ 348ನೇ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯ ಮತ್ತು ಉಚ್ಚ ನ್ಯಾಯಾಲಯಗಳ ಭಾಷೆ ಇಂಗ್ಲಿಷ್. ರಾಜ್ಯದ ಅಧೀನ ನ್ಯಾಯಾಲಯಗಳಲ್ಲಿ ಕನ್ನಡವೂ ಬಳಕೆಯಲ್ಲಿದ್ದು, ದಾವೆ, ಜಾಮೀನು, ತಡೆಯಾಜ್ಞೆ, ವಕಾಲತ್ತು ಮುಂತಾದ ಪದಗಳು ಜನಸಾಮಾನ್ಯರಿಗೂ ಪರಿಚಿತ. ಆದರೆ ಮೊಕದ್ದಮೆ ಮೇಲ್ಮನವಿಯ ಹಂತ ತಲುಪಿದಾಗ, ಇಂಗ್ಲಿಷ್ ತಿಳಿಯದ ಕಕ್ಷಿದಾರರು ತಮ್ಮದೇ ತೀರ್ಪನ್ನು ಅರಿಯಲು ವಕೀಲರನ್ನು ಅವಲಂಬಿಸಬೇಕಾಗುತ್ತದೆ. ಹನೂರು ತಾಲ್ಲೂಕಿನ ಮಾರ್ಟಳ್ಳಿಯಂತಹ ಗಡಿಭಾಗದ ಗ್ರಾಮಗಳಲ್ಲಿ ತಮಿಳು ಮನೆಮಾತಿನವರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಅಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ತಮಿಳು ಮನೆಮಾತಿನ ವಿದ್ಯಾರ್ಥಿಗೆ ಕಾನೂನಿನ ಇಂಗ್ಲಿಷ್ ಮೂರನೆಯ ಭಾಷೆಯಾಗುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರಿಂದ ಆಯ್ದ ತೀರ್ಪುಗಳ ಅನುವಾದಗಳನ್ನು ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಪ್ರಕಟಿಸುತ್ತಿದೆ. ಇವನ್ನು ಇಂಗ್ಲಿಷ್ ಮೂಲದೊಡನೆ ಹೋಲಿಸಿ ಓದುವುದು ಕಲಿಕೆಗೆ ಸಹಕಾರಿ.

ವಿದೇಶ ವ್ಯಾಸಂಗ

ವಿದೇಶದಲ್ಲಿ ಕಾನೂನು ಓದಿದ ಕನ್ನಡಿಗರಲ್ಲಿ ಮಾಜಿ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಒಬ್ಬರು. ಮಂಡ್ಯ ಜಿಲ್ಲೆಯ ಸೋಮನಹಳ್ಳಿಯವರಾದ ಅವರು ಅಮೆರಿಕದ ಸದರ್ನ್ ಮೆಥಡಿಸ್ಟ್ ಮತ್ತು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿದರು.

ಪ್ರವೇಶಕ್ಕೆ ಕೇಳಲಾಗುವ ಟೋಫೆಲ್, ಐಇಎಲ್‌ಟಿಎಸ್ ಪರೀಕ್ಷೆಗಳು ಸಾಮಾನ್ಯ ಇಂಗ್ಲಿಷನ್ನು ಅಳೆಯುತ್ತವೆಯೇ ಹೊರತು ಕಾನೂನಿನ ಭಾಷೆಯನ್ನಲ್ಲ. ಆದ್ದರಿಂದ ಪೂರ್ವಸಿದ್ಧತೆಯಲ್ಲಿ 1932ರ ಡೊನಹ್ಯೂ ವಿರುದ್ಧ ಸ್ಟೀವನ್ಸನ್‌ನಂತಹ ತೀರ್ಪುಗಳನ್ನು ಪೂರ್ಣವಾಗಿ ಓದಿ ಸಂಗತಿ, ವಿವಾದಾಂಶ, ನಿರ್ಣಯ ಮತ್ತು ಕಾರಣಗಳನ್ನು ಬೇರ್ಪಡಿಸಿ ಬರೆಯುವ ಅಭ್ಯಾಸ ಮುಖ್ಯವಾದುದು. ಸಮಸ್ಯೆಗಳಿಗೆ ಉತ್ತರ ಬರೆಯುವಾಗ ವಿವಾದಾಂಶ, ನಿಯಮ, ಅನ್ವಯ, ತೀರ್ಮಾನ ಎಂಬ ಕ್ರಮವನ್ನು ಅನುಸರಿಸುವುದು ರೂಢಿ. ವಿದೇಶಿ ಪದವಿ ಪಡೆದ ಭಾರತೀಯರು ಸ್ವದೇಶದಲ್ಲಿ ವಕೀಲಿ ವೃತ್ತಿ ನಡೆಸಲು ಆ ಪದವಿಗೆ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಅಗತ್ಯ.