ಮೂಳೆಗೊಂದು ಹಂದರ

ಕೈ ಮುರಿದುಕೊಂಡ ಗೆಳೆಯನೊಬ್ಬ ಬಿಳಿಯ ಪ್ಲಾಸ್ಟರ್ ಕಟ್ಟು ಹಾಕಿಸಿಕೊಂಡು ತರಗತಿಗೆ ಬಂದದ್ದನ್ನು ನೀವು ನೋಡಿರುತ್ತೀರಿ. ಆ ಕಟ್ಟು ಮೂಳೆಯನ್ನು ಕೂಡಿಸುವುದಿಲ್ಲ. ಅಲುಗಾಡದಂತೆ ಹಿಡಿದಿಡುತ್ತದೆ, ಅಷ್ಟೆ. ಸುಶ್ರುತ ಸಂಹಿತೆ ಹೇಳುವ ಬಿದಿರಿನ ಸೀಳು, ಅತ್ತಿ, ಅರಳಿ, ಆಲದ ತೊಗಟೆಗಳ ಕಟ್ಟೂ ಇದೇ ಕೆಲಸ ಮಾಡುತ್ತಿತ್ತು. ಕೂಡಿಕೊಳ್ಳುವ ಕೆಲಸ ಮೂಳೆಯದೇ. ಆದರೆ ಮೂಳೆಯ ಒಂದು ತುಂಡೇ ಇಲ್ಲವಾದರೆ? ಕತ್ತಿಯ ಏಟಿಗೆ ಹಾರಿಹೋಗಿದ್ದರೆ, ಸೋಂಕು ತಗಲಿ ಕೊಳೆತುಹೋಗಿದ್ದರೆ, ಕ್ಯಾನ್ಸರಿನಿಂದಾಗಿ ವೈದ್ಯರೇ ಕತ್ತರಿಸಿ ತೆಗೆದಿದ್ದರೆ? ಈ ಪ್ರಶ್ನೆಯ ಬೆನ್ನು ಹತ್ತಿದ ಮನುಷ್ಯ ನಾಯಿಯ ಬುರುಡೆಯಿಂದ ಕಡಲ ಹವಳದವರೆಗೆ ಹೋಗಿ ಬಂದಿದ್ದಾನೆ.

ಆಮ್‌ಸ್ಟರ್‌ಡ್ಯಾಮಿನ ಶಸ್ತ್ರವೈದ್ಯ ಯೋಬ್ ವಾನ್ ಮೀಕರೆನ್‌ನ ಪುಸ್ತಕ ಆತ ತೀರಿಕೊಂಡ ಮೇಲೆ, 1668ರಲ್ಲಿ ಅಚ್ಚಾಯಿತು. ತಲೆಗೆ ಗಾಯವಾದ ರಷ್ಯದವನೊಬ್ಬನಿಗೆ ನಾಯಿಯ ಬುರುಡೆಯ ಚೂರನ್ನು ಕೂರಿಸಿದ ಸಂಗತಿ ಅದರಲ್ಲಿದೆ. ಗಾಯವೇನೋ ಮಾಯಿತು, ಆದರೆ ತಲೆಯಲ್ಲಿ ನಾಯಿಯ ಮೂಳೆ ಇಟ್ಟುಕೊಂಡವನನ್ನು ಚರ್ಚು ಹೊರಗೆ ಹಾಕಿತು. ಪಾಪ, ಅದನ್ನು ತೆಗೆಸಿಹಾಕಲು ಅವನು ಮತ್ತೆ ವೈದ್ಯರ ಬಳಿಗೆ ಹೋಗಬೇಕಾಯಿತು! ಇದು ವಾನ್ ಮೀಕರೆನ್ ಕಣ್ಣಾರೆ ಕಂಡದ್ದಲ್ಲ, ಬೇರೆಯವರಿಂದ ತಿಳಿದು ಬರೆದದ್ದು. ಆದರೂ ಮೂಳೆ ಕಸಿಯ ಚರಿತ್ರೆ ಸಾಮಾನ್ಯವಾಗಿ ಇಲ್ಲಿಂದಲೇ ಆರಂಭವಾಗುತ್ತದೆ.

ಮನುಷ್ಯನ ಮೂಳೆಯನ್ನು ಮನುಷ್ಯನಿಗೇ ಕಸಿ ಮಾಡಿ ಗೆದ್ದ ಪ್ರಸಿದ್ಧ ಪ್ರಯತ್ನ ಗ್ಲಾಸ್ಗೋ ನಗರದ ವಿಲಿಯಂ ಮೆಕ್‌ಈವನ್ ಅವರದು. ಸೋಂಕಿನಿಂದ ತೋಳಿನ ಮೂಳೆಯನ್ನೇ ಕಳೆದುಕೊಂಡಿದ್ದ ಪುಟ್ಟ ಬಾಲಕ ಅವರ ಬಳಿಗೆ ಬಂದ. ಅದೇ ಆಸ್ಪತ್ರೆಯಲ್ಲಿ ಸೊಟ್ಟಗಾಲಿನ ಇತರ ಮಕ್ಕಳ ಕಾಲನ್ನು ನೇರ ಮಾಡುವಾಗ ಮೂಳೆಯ ತುಣುಕುಗಳು ಉಳಿಯುತ್ತಿದ್ದವು. ಮೆಕ್‌ಈವನ್ ಅವುಗಳನ್ನೇ ತಂದು ಬಾಲಕನ ತೋಳಿನಲ್ಲಿ ಸಾಲಾಗಿ ಜೋಡಿಸಿದರು. ತುಣುಕುಗಳು ಬೆಸೆದುಕೊಂಡು ತೋಳು ಕೆಲಸಕ್ಕೆ ಬಂತು. 1881ರಲ್ಲಿ ಅವರು ಇದನ್ನು ಲೋಕಕ್ಕೆ ತಿಳಿಸಿದರು.

ಆ ಬಳಿಕದ ಎರಡು ಪ್ರಯೋಗಗಳನ್ನು ಜೊತೆಯಾಗಿ ನೋಡಬೇಕು. 1890ರಲ್ಲಿ ಬರ್ಲಿನ್ನಿನ ತೆಮಿಸ್ಟೋಕ್ಲಿಸ್ ಗ್ಲುಕ್, ಕ್ಷಯದಿಂದ ಹಾಳಾದ ಮಂಡಿಗೆ ಆನೆದಂತದ ಕೀಲು ಮಾಡಿ ಹಾಕಿದರು. ಮೊದಲು ಎಲ್ಲರೂ ಬೆರಗಾದರು. ಕೊನೆಗೆ ಸೋಂಕು ಗೆದ್ದಿತು. 1892ರಲ್ಲಿ ಬಾನ್ ನಗರದ ಡ್ರೀಸ್‌ಮನ್, ಮೂಳೆಯೊಳಗಿನ ಪೊಳ್ಳುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದರು. ಹೌದು, ನಿಮ್ಮ ಗೆಳೆಯನ ಕೈಗೆ ಹೊರಗಿನಿಂದ ಹಾಕಿದ ಅದೇ ಜಿಪ್ಸಂ ಪುಡಿ! ಕೆಲವೇ ವಾರಗಳಲ್ಲಿ ಕರಗಿಹೋಗುವ ಈ ಬಡ ವಸ್ತು ಗಟ್ಟಿ ಆನೆದಂತಕ್ಕಿಂತ ಹೆಚ್ಚು ಕಾಲ ಬಳಕೆಯಲ್ಲಿ ಉಳಿಯಿತು. ಕರಗುವುದು ದೋಷವಲ್ಲ, ಅದೇ ಗುಣ. ಮೂಳೆಗೆ ಬೇಕಾದದ್ದು ಬಿರಡೆಯಲ್ಲ. ಹೀರೆಬಳ್ಳಿಗೆ ಹಾಕುವಂಥ ಹಂದರ. ಬಳ್ಳಿ ಹಬ್ಬಿದ ಮೇಲೆ ಹಂದರ ಇಲ್ಲವಾದರೂ ನಷ್ಟವಿಲ್ಲ.

ಹಾಗಾದರೆ ಒಳ್ಳೆಯ ಹಂದರ ಎಲ್ಲಿದೆ? ಕಡಲಿನಲ್ಲಿ. 1931ರಲ್ಲಿ ಹೊಂಡುರಾಸ್ ದೇಶದಲ್ಲಿ ಸುಮಾರು ಕ್ರಿ.ಶ. 600ರ ಕಾಲದ ದವಡೆಯೊಂದು ಸಿಕ್ಕಿತು. ಅದರಲ್ಲಿ ಹಲ್ಲಿನ ಆಕಾರಕ್ಕೆ ಕೊರೆದ ಚಿಪ್ಪಿನ ಚೂರುಗಳಿದ್ದವು. ಸತ್ತ ಮೇಲೆ ಅಲಂಕಾರಕ್ಕೆ ಇಟ್ಟದ್ದಿರಬೇಕೆಂದು ಬಹುಕಾಲ ನಂಬಿದ್ದರು. 1970ರ ಸುಮಾರಿಗೆ ಎಕ್ಸ್-ರೇ ತೆಗೆದಾಗ ಚಿಪ್ಪಿನ ಸುತ್ತ ಮೂಳೆ ಬೆಳೆದದ್ದು ಕಂಡಿತು. ಆ ವ್ಯಕ್ತಿ ಬದುಕಿದ್ದಾಗಲೇ ದವಡೆ ಚಿಪ್ಪನ್ನು ಒಪ್ಪಿಕೊಂಡಿತ್ತು! ಹೆಚ್ಚು ಕಡಿಮೆ ಅದೇ ಕಾಲಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾದ ವಿಜ್ಞಾನಿಗಳು ಹವಳದ ಸೂಕ್ಷ್ಮ ರಂಧ್ರಗಳು ನಮ್ಮ ಮೂಳೆಯ ಒಳಭಾಗದ ರಂಧ್ರಗಳನ್ನು ಹೋಲುವುದನ್ನು ಗಮನಿಸಿದರು. 1974ರಲ್ಲಿ ಡೆಲ್ಲಾ ರಾಯ್ ಮತ್ತು ಅವರ ಸಹೋದ್ಯೋಗಿ, ಹವಳದ ಸುಣ್ಣವನ್ನು ಶಾಖ ಮತ್ತು ಒತ್ತಡದಲ್ಲಿ ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್ ಆಗಿ ಬದಲಿಸಿದರು. ರಂಧ್ರಗಳು ಇದ್ದಂತೆಯೇ ಉಳಿದವು. 1992ರಲ್ಲಿ ಅಮೆರಿಕದಲ್ಲಿ ಇದರ ಬಳಕೆಗೆ ಅನುಮತಿ ದೊರೆಯಿತು.

ಹಂದರವಿದ್ದರೆ ಸಾಲದು, ಬಳ್ಳಿಯನ್ನು ಕರೆಯುವವರೂ ಬೇಕು. 1965ರಲ್ಲಿ ಲಾಸ್ ಏಂಜಲೀಸಿನ ಮಾರ್ಷಲ್ ಯುರಿಸ್ಟ್, ಆಮ್ಲದಲ್ಲಿ ಖನಿಜ ತೆಗೆದ ಮೂಳೆಯನ್ನು ಪ್ರಾಣಿಗಳ ಮಾಂಸಖಂಡದಲ್ಲಿಟ್ಟರು. ಮೂಳೆಯೇ ಇರಬಾರದ ಆ ಜಾಗದಲ್ಲಿ ಹೊಸ ಮೂಳೆ ಹುಟ್ಟಿತು. ಮೂಳೆಯಲ್ಲಿ ಅಡಗಿದ್ದ ಕೆಲವು ಪ್ರೋಟೀನುಗಳೇ ಇದಕ್ಕೆ ಕಾರಣವೆಂದು ಮುಂದೆ ಗೊತ್ತಾಯಿತು. ಕ್ಯಾನ್ಸರಿನ ವಿಷಯಕ್ಕೆ ಬಂದಾಗ ಕಥೆ ತಿರುಗುವುದು ಇಲ್ಲಿಯೇ. ಮುರಿದ ಮೂಳೆಗೆ ‘ಬೆಳೆ’ ಎನ್ನುವ ಪ್ರೋಟೀನು ವರದಾನ. ಗೆಡ್ಡೆ ತೆಗೆದ ಜಾಗದಲ್ಲಿ ಒಂದಿಷ್ಟು ಕ್ಯಾನ್ಸರ್ ಕೋಶಗಳು ಉಳಿದಿದ್ದರೆ ಅವೂ ಆ ಮಾತು ಕೇಳಿಸಿಕೊಂಡಾವು. ಆದ್ದರಿಂದ ಗೆಡ್ಡೆ ಇರುವ, ಇದ್ದ ಜಾಗಗಳಲ್ಲಿ ಈ ಪ್ರೋಟೀನನ್ನು ಬಳಸಬಾರದೆಂಬ ಎಚ್ಚರಿಕೆ ಇದೆ.

ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ಮುಖ್ಯವಾದ ಆಸ್ಟಿಯೋಸಾರ್ಕೋಮಾ ಹೆಚ್ಚಾಗಿ ಕಾಣುವುದು ನಿಮ್ಮ ವಯಸ್ಸಿನವರಲ್ಲಿ, ಅದೂ ಮಂಡಿಯ ಆಸುಪಾಸಿನಲ್ಲಿ. 1970ರ ದಶಕದವರೆಗೆ ಇದಕ್ಕೆ ಕಾಲು ಕತ್ತರಿಸುವುದೇ ಚಿಕಿತ್ಸೆ. ಆದರೂ ಐವರಲ್ಲಿ ಒಬ್ಬರಷ್ಟೇ ಬದುಕುಳಿಯುತ್ತಿದ್ದರು. ಔಷಧ ಚಿಕಿತ್ಸೆ ಬಂದ ಮೇಲೆ ರೋಗ ಹರಡದೆ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯತೊಡಗಿದರು. ಆಗ ಕಾಲನ್ನೂ ಉಳಿಸುವ ಆಸೆ ಹುಟ್ಟಿತು. ದಾನಿಗಳ ಮೂಳೆಯನ್ನು ಶೇಖರಿಸುವ ಬ್ಯಾಂಕುಗಳು ಬಂದವು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1988ರಲ್ಲಿ ಅಂಗಾಂಶ ಬ್ಯಾಂಕು ಆರಂಭವಾಯಿತು. ರೇಷ್ಮೆಯ ಪ್ರೋಟೀನು, ಸೀಗಡಿ ಚಿಪ್ಪಿನ ಕೈಟೋಸಾನ್‌ಗಳಿಂದ ಹಂದರ ಹೆಣೆದು, ಅದರಲ್ಲೇ ಕ್ಯಾನ್ಸರ್ ಔಷಧವನ್ನು ಅಡಗಿಸಿಡುವ ಪ್ರಯತ್ನಗಳು ಪ್ರಯೋಗಾಲಯಗಳಲ್ಲಿ ನಡೆದಿವೆ.

ಇವೆಲ್ಲಕ್ಕಿಂತ ನನಗೆ ಅಚ್ಚರಿ ತರುವುದು 1968ರಲ್ಲಿ ಇಸ್ರೇಲಿನ ವೈದ್ಯರು ವರದಿ ಮಾಡಿದ ಉಪಾಯ. ಕ್ಯಾನ್ಸರ್ ತಗಲಿದ ಮೂಳೆಯನ್ನು ಕತ್ತರಿಸಿ ಹೊರತೆಗೆದು, ಬಲವಾದ ವಿಕಿರಣದಿಂದ ಅದರ ಕೋಶಗಳನ್ನೆಲ್ಲ ಕೊಂದು, ಅದೇ ಮೂಳೆಯನ್ನು ಅದೇ ಜಾಗಕ್ಕೆ ಮರಳಿ ಕೂರಿಸುವುದು! ಜಪಾನಿನ ಕನಜಾವಾದ ವೈದ್ಯರು ವಿಕಿರಣದ ಬದಲು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಅದ್ದುವ ಕ್ರಮವನ್ನು ಬೆಳೆಸಿದರು. ನಮ್ಮ ದೇಶದಲ್ಲೂ ಈ ಬಗೆಯ ಚಿಕಿತ್ಸೆ ನಡೆಯುತ್ತದೆ. ಲೋಹದ ಕೀಲು ಕೊಳ್ಳಲಾಗದ ಮನೆಯ ಹುಡುಗನಿಗೆ ಇದು ಸಣ್ಣ ಮಾತಲ್ಲ. ಅವನದೇ ಮೂಳೆ, ಅಳತೆ ತಪ್ಪುವ ಮಾತಿಲ್ಲ. ಆದರೆ ಅದು ಈಗ ಜೀವವಿಲ್ಲದ ಹಂದರ. ಎರಡೂ ತುದಿಗಳಿಂದ ಜೀವಂತ ಮೂಳೆ ಅದರೊಳಕ್ಕೆ ನಿಧಾನವಾಗಿ ತೆವಳಬೇಕು. ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಅಷ್ಟರೊಳಗೆ ಮೂಳೆ ಮುರಿದರೆ ಇಲ್ಲವೆ ಸೋಂಕು ಹತ್ತಿದರೆ ಹುಡುಗ ಮತ್ತೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಬೇಕಾಗುತ್ತದೆ.