ಕಪಿಲೆಯ ಮೇಲೆ ಕೆಲಸ ತೀರಿದ ಸೇತುವೆ

ನನ್ನ ಹುಟ್ಟೂರು ಸಿಂದಗಿ ತಾಲೂಕಿನ ಯಂಕಂಚಿ. ನಮ್ಮೂರಿಗೆ ರೇಲ್ವೆ ಇಲ್ಲ. ಆದರೂ ರೇಲ್ವೆಯ ಕಥೆ ಕೇಳುತ್ತಲೇ ನಾನು ಬೆಳೆದವನು. ನಮ್ಮ ಮುತ್ತ್ಯಾ ಎಂದಾದರೂ ಇಂಡಿಯ ಕಡೆ ಹೊರಟರೆ ಹಳಿಯ ಏರಿಯನ್ನು ತೋರಿಸಿ, "ಇದರಾಗ ನಮ್ಮವ್ವ ಹೊತ್ತ ಮಣ್ಣ ಐತಿ, ತಮ್ಮಾ" ಎನ್ನುತ್ತಿದ್ದ. ಆ ಮಾತಿನ ತೂಕ ಆಗ ನನಗೆ ತಿಳಿದಿರಲಿಲ್ಲ. ಅದು ತಿಳಿದದ್ದು ನಮ್ಮೂರಿನಿಂದ ಬಹು ದೂರದಲ್ಲಿ, ನಂಜನಗೂಡಿನಲ್ಲಿ, ರೈಲು ಬಿಟ್ಟುಹೋದ ಒಂದು ಸೇತುವೆಯ ಮುಂದೆ ನಿಂತಾಗ.

ಮೈಸೂರಿನಲ್ಲಿ ಸಂಬಂಧಿಕರೊಬ್ಬರ ಮದುವೆ ಮುಗಿಸಿ ನಂಜುಂಡೇಶ್ವರನ ದರ್ಶನಕ್ಕೆಂದು ಹೋಗಿದ್ದೆ. ಕಬಿನಿಯನ್ನು ಅಲ್ಲಿಯ ಜನ ಕಪಿಲೆ ಎಂದೇ ಕರೆಯುತ್ತಾರೆ. ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಹೊಳೆ ಅದು. ಇಂದಿನ ರೈಲು ಹೊಸ ಸೇತುವೆಯ ಮೇಲೆ ದಡದಡನೆ ದಾಟಿಹೋಗುತ್ತದೆ. ಹಳೆಯ ಸೇತುವೆ ನೀರಿನ ಮೇಲೆ ತಗ್ಗಾಗಿ, ಮೌನವಾಗಿ ಕುಳಿತಿದೆ.

ಅದನ್ನು ಕಟ್ಟಿಸಿದವನು ದಳವಾಯಿ ದೇವರಾಜಯ್ಯ, ಕಟ್ಟಿದ್ದು 1735ರಲ್ಲಿ. ಮೈಸೂರಿನ ಸಿಂಹಾಸನದ ಮೇಲೆ ಒಡೆಯರು ಇದ್ದರೂ ಅಧಿಕಾರವೆಲ್ಲ ದಳವಾಯಿಗಳ ಕೈಗೆ ಸೇರಿದ್ದ ಕಾಲ ಅದು. ಆ ದಳವಾಯಿಗಳ ಮನೆತನದ ಮೂಲವಾದ ಕಳಲೆ ಇದೇ ನಂಜನಗೂಡಿನ ಸೀಮೆಯ ಗ್ರಾಮ. ಯಾತ್ರಿಕರು, ಸಂತೆಗೆ ಹೋಗುವವರು, ಎತ್ತಿನ ಬಂಡಿಗಳು, ದಂಡಿನ ಕುದುರೆಗಳು ದಾಟಲೆಂದು ಕಟ್ಟಿದ ಸೇತುವೆ. ಉಗಿಬಂಡಿಯೆಂಬುದನ್ನು ಆಗ ಜಗತ್ತಿನಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದಾಗ ಅದೇ ಸೇತುವೆ ಅದನ್ನೂ ಹೊತ್ತಿತು! ಹಳಿಗೆ ಒಂದು ಮಗ್ಗುಲು, ರಸ್ತೆಗೆ ಇನ್ನೊಂದು ಮಗ್ಗುಲು. 1926ರಲ್ಲಿ ಹಳಿ ಚಾಮರಾಜನಗರದವರೆಗೂ ಬೆಳೆಯಿತು.

ಇದು ಹೇಗೆ ಸಾಧ್ಯವಾಯಿತು? ಉತ್ತರ ಕಣ್ಣಮುಂದೆಯೇ ಇದೆ. ಸುಮಾರು 225 ಮೀಟರು ಉದ್ದಕ್ಕೆ 56 ಕಂಬಗಳು. ಎಂದರೆ ಒಂದು ಕಂಬಕ್ಕೂ ಇನ್ನೊಂದಕ್ಕೂ ನಡುವೆ ನಾಲ್ಕು ಮೀಟರಿನ ಆಸುಪಾಸು. ಅಂತರ ಕಿರಿದಾದಷ್ಟೂ ಪ್ರತಿಯೊಂದು ಕಣ್ಣು ಹೊರಬೇಕಾದ ಭಾರ ಕಡಿಮೆ. ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ತಾಳುತ್ತದೆ. ಬಾಗುವುದನ್ನು ಮಾತ್ರ ತಾಳದು. ಹಳೆಯ ಕೆಲಸಗಾರರು ಅದನ್ನು ಬಾಗಿಸುವ ಗೋಜಿಗೇ ಹೋಗಲಿಲ್ಲ. ಇದಕ್ಕೆ ತೆತ್ತ ಬೆಲೆಯೂ ಉಂಟು. ಕಂಬ ಹೆಚ್ಚಿದಷ್ಟೂ ಹೊಳೆಗೆ ದಾರಿ ಕಡಿಮೆ; ಪ್ರವಾಹದ ಹೊಡೆತವೆಲ್ಲ ಸೇತುವೆಯ ಎದೆಗೇ.

ನಾನು ದಂಡೆಯಲ್ಲಿ ನಿಂತು ಕಂಬಗಳನ್ನು ಎಣಿಸತೊಡಗಿದೆ. ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದರು.

"ಏನು ಸ್ವಾಮಿ, ಎಣಿಸ್ತಾ ಇದೀರಿ?"

"ಕಂಬ ಎಣಸ್ಲಿಕ್ಕತ್ತೀನ್ರಿ."

"ಮಳೆಗಾಲದಲ್ಲಿ ಬನ್ನಿ. ಎಣಿಸೋಕೆ ಒಂದೂ ಸಿಗಾಕಿಲ್ಲ."

ಅವರು ಇದೇ ಸೇತುವೆಯ ಮೇಲೆ ಗಾಡಿ ಹೊಡೆದವರು. ರೈಲು ಬರುವ ಸದ್ದಾದರೆ ಎತ್ತು ಬೆದರುತ್ತಿದ್ದವಂತೆ. "ಹೆಗಲ ಮೇಲಿನ ಟವೆಲ್ಲು ತೆಗೆದು ಅದರ ಕಣ್ಣಿಗೆ ಮುಚ್ಚಿ ಹಿಡ್ಕೊಳ್ತಿದ್ವಿ. ರೈಲು ಹೋದ ಮೇಲೆ ನಾವು" ಎಂದರು. ಮೂಗುದಾರ ಹಿಡಿದ ರೈತನೂ ಎಂಜಿನು ನಡೆಸುವ ಚಾಲಕನೂ ಒಂದೇ ಕಲ್ಲಿನ ಮೇಲೆ ಮೊಳ ದೂರದಲ್ಲಿ ಹೊಳೆ ದಾಟಿದ ಆ ದಿನಗಳನ್ನು ನೆನೆದರೆ ಸೋಜಿಗವಾಗುತ್ತದೆ.

ಸೇತುವೆ ಸೋತದ್ದರಿಂದ ಅದರ ಕೆಲಸ ಹೋಗಲಿಲ್ಲ. ಕೆಲಸ ತಪ್ಪಿಸಿದ್ದು ಅಳತೆ. ಹಳೆಯ ಹಳಿಗಳ ನಡುವಿನ ಅಂತರ ಒಂದು ಮೀಟರು, ಬ್ರಾಡ್‌ಗೇಜಿನದು 1.676 ಮೀಟರು. ಈ ಶತಮಾನದ ಮೊದಲ ದಶಕದಲ್ಲಿ ಮೈಸೂರು–ಚಾಮರಾಜನಗರ ಮಾರ್ಗ ಅಗಲವಾದಾಗ, ಅಗಲವಾದ, ಹೆಚ್ಚು ಭಾರದ ಗಾಡಿಗಳಿಗೆ ಬೇರೆ ಸೇತುವೆ ಬೇಕಾಯಿತು. ಹಳೆಯದನ್ನು ಪಾರಂಪರಿಕ ರಚನೆಯೆಂದು ಗುರುತಿಸಿ ಬಿಟ್ಟುಕೊಟ್ಟರು. ದೇಶದ ತೀರ ಹಳೆಯ ಸೇತುವೆಗಳಲ್ಲೊಂದಕ್ಕೆ ಆ ಗೌರವ ಸಲ್ಲತಕ್ಕದ್ದೇ. ಆದರೆ ಗೌರವ ಬೇರೆ, ಆರೈಕೆ ಬೇರೆ. ನಾನು ಕಂಡಾಗ ಕಲ್ಲಿನ ಸಂದಿಯಲ್ಲಿ ಅರಳಿಯ ಸಸಿ ಚಿಗುರಿತ್ತು. ರೈಲಿನ ಭಾರಕ್ಕೆ ಜಗ್ಗದ ಕಲ್ಲನ್ನು ಅರಳಿಯ ಬೇರು ಸೀಳಬಲ್ಲದು.

ಅಲ್ಲಿ ನನಗೆ ಮುತ್ತ್ಯಾನ ಮಾತು ನೆನಪಾಯಿತು. ನಮ್ಮ ಹೊಟಗಿ–ಗದಗ ಮಾರ್ಗದ ಹುಟ್ಟು ಬೇರೆಯೇ ಬಗೆಯದು. 1876ರಿಂದ 1878ರವರೆಗೆ ದಖ್ಖಣವನ್ನು ಸುಟ್ಟ ಬರವನ್ನು ಹಿರಿಯರು ಧಾತು–ಈಶ್ವರ ಸಂವತ್ಸರದ ಬರವೆಂದು ಕರೆದರು. ನಮ್ಮ ಜಿಲ್ಲೆಗೆ ಆಗ ಕಲಾದಗಿ ಜಿಲ್ಲೆಯೆಂದು ಹೆಸರು. ಹಸಿದವರಿಗೆ ಸರಕಾರ ಕೊಟ್ಟ ಪರಿಹಾರ ಕಾಮಗಾರಿಗಳಲ್ಲಿ ರೇಲ್ವೆಯ ಮಣ್ಣಿನ ಕೆಲಸವೂ ಒಂದು. ಕೂಲಿಕಾರನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಲೆಕ್ಕ ಹಾಕಿದ. ಒಂದು ಪೌಂಡೆಂದರೆ ಅರ್ಧ ಕಿಲೋಗಿಂತಲೂ ಕಡಿಮೆ. ಅಷ್ಟರ ಮೇಲೆ ಬಿಸಿಲಲ್ಲಿ ದಿನವಿಡೀ ಮಣ್ಣು ಹೊರಬೇಕು! ನಮ್ಮ ಮುತ್ತ್ಯಾನ ತಾಯಿ ಆಗ ಬುಟ್ಟಿ ಹೊರುವಷ್ಟು ದೊಡ್ಡ ಹುಡುಗಿ. ಅವಳ ಇಬ್ಬರು ತಮ್ಮಂದಿರು ಆ ಬರದಲ್ಲಿ ಉಳಿಯಲಿಲ್ಲ.

ಆ ಏರಿಯ ಮೇಲೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯ ಮೀಟರುಗೇಜು ಗಾಡಿ ಓಡಿತು. ಜಿಲ್ಲೆಯ ಮುಖ್ಯಪಟ್ಟಣವೂ ಕಲಾದಗಿಯನ್ನು ಬಿಟ್ಟು ವಿಜಾಪುರಕ್ಕೆ ಬಂತು. ಮೈಸೂರಿನ ರೇಲ್ವೆಯನ್ನು ನಡೆಸುವ ಗುತ್ತಿಗೆಯೂ ಆಮೇಲೆ ಇದೇ ಕಂಪನಿಗೆ ಸೇರಿತು. ಹೀಗೆ ಕೃಷ್ಣೆ, ಭೀಮೆಗಳನ್ನು ದಾಟಿದ ಕಂಪನಿಯೇ ಕಪಿಲೆಯನ್ನೂ ದಾಟಿತು. ಬರ ಅಲ್ಲಿಯವರನ್ನೂ ಬಿಟ್ಟಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷದೊಳಕ್ಕೆ ಇಳಿಯಿತು. ಬೆಂಗಳೂರು–ಮೈಸೂರು ಹಳಿಯ ಕೆಲಸಕ್ಕೂ ಬರಪೀಡಿತರನ್ನು ಹಚ್ಚಿದ್ದರು. 1882ರಲ್ಲಿ ಆ ಹಳಿ ಮೈಸೂರನ್ನು ಮುಟ್ಟಿದ್ದರಿಂದಲೇ ಮುಂದೆ ನಂಜನಗೂಡಿಗೂ ರೈಲು ಬಂದದ್ದು.

ದಳವಾಯಿಯ ಸೇತುವೆಗೆ ಕಟ್ಟಿಸಿದವನ ಹೆಸರು ಉಳಿಯಿತು. ಕಲ್ಲು ಕಡಿದವರದು ಉಳಿಯಲಿಲ್ಲ. ನಮ್ಮ ಏರಿಗಂತೂ ಹೆಸರೇ ಇಲ್ಲ. ಚೆಲುವಾದ ಕಲ್ಲನ್ನು ಪರಂಪರೆಯೆಂದು ಗುರುತಿಸುವುದು ಸುಲಭ. ಬರಗಾಲದ ಬುಟ್ಟಿಯಿಂದ ಸುರಿದ ಮಣ್ಣನ್ನು ಹಾಗೆ ಗುರುತಿಸುವವರಾರು? ನಂಜನಗೂಡಿನ ಸಂದಿಯ ಅರಳಿಯ ಸಸಿಯನ್ನು ವರ್ಷಕ್ಕೊಮ್ಮೆ ಕೀಳಿಸಲಿ. ನಮ್ಮ ಕಡೆಯ ನಿಲ್ದಾಣಗಳಲ್ಲೊಂದರಲ್ಲಿ, ಈ ಏರಿಯನ್ನು ಹಸಿದವರು ಕಟ್ಟಿದರೆಂದು ಒಂದು ಸಾಲು ಬರೆಸಿ ನಿಲ್ಲಿಸಲಿ. ನಾನು ಕೇಳುವುದು ಇಷ್ಟೇ. ಎರಡಕ್ಕೂ ದೊಡ್ಡ ಖರ್ಚಿಲ್ಲ.

ಗೋಲಗುಂಬಜ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಮರಳಿದೆ. ನಮ್ಮ ಮಾರ್ಗದ ಮೀಟರುಗೇಜೂ ಈ ಶತಮಾನದ ಆರಂಭದಲ್ಲಿ ಹೋಯಿತು; ಹಳಿ, ಸ್ಲೀಪರು ಎಲ್ಲ ಹೊಸವು. ಆದರೆ ಹೊಸ ಹಳಿ ಬಹುಮಟ್ಟಿಗೆ ಹಳೆಯ ಜಾಡಿನಲ್ಲೇ ಇದೆ. ವಿಜಯಪುರ ದಾಟಿದ ಮೇಲೆ ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗನಿಗೆ ಕಿಟಕಿಯಿಂದ ಕೆಳಗೆ ತೋರಿಸಿ ಹೇಳಿದೆ: "ಇದರಾಗ ನಮ್ಮ ಮುತ್ತ್ಯಾನ ಅವ್ವ ಹೊತ್ತ ಮಣ್ಣ ಐತಿ, ತಮ್ಮಾ." ಅವನು ಸ್ವಲ್ಪ ಹೊತ್ತು ನೋಡಿ, "ಎಷ್ಟ ಬುಟ್ಟಿ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.